ದೇವರನ್ನು ಬಲ್ಲೆವೆಂದವರೂ ಅರಿಯೆವೆಂದವರೂ

ಕ್ರಿ. ಶ. 383ರಲ್ಲಿ ನಿಸ್ಸ ಎಂಬ ಊರಿನ ಬಿಷಪ್ಪನಾದ ಗ್ರೆಗರಿಯು ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಮಾಡಿದ ಒಂದು ಉಪನ್ಯಾಸದಲ್ಲಿ ಆ ರಾಜಧಾನಿಯ ಪೇಟೆಬೀದಿಯ ವರ್ಣನೆಯೊಂದು ಬರುತ್ತದೆ. ನಾಣ್ಯ ಮುರಿಸಲು ಚಿನಿವಾರನ ಬಳಿಗೆ ಹೋದರೆ ಅವನು ಚಿಲ್ಲರೆ ಎಣಿಸುವುದನ್ನು ಬಿಟ್ಟು ಹುಟ್ಟಿದುದು ಯಾವುದು, ಹುಟ್ಟದುದು ಯಾವುದು ಎಂದು ತತ್ತ್ವ ಹೇಳತೊಡಗುವನಂತೆ. ರೊಟ್ಟಿಯ ಬೆಲೆ ಕೇಳಿದರೆ ಪಿತನು ಹಿರಿಯನು, ಪುತ್ರನು ಕಿರಿಯನು ಎಂಬ ಉತ್ತರ ದೊರೆಯುವುದಂತೆ. ಸ್ನಾನಗೃಹಕ್ಕೆ ಹೋಗಿ ನೀರು ಕಾದಿದೆಯೆ ಎಂದು ವಿಚಾರಿಸಿದರೆ, ಪುತ್ರನು ಶೂನ್ಯದಿಂದ ಸೃಷ್ಟನಾದವನೆಂದು ಅಲ್ಲಿನ ಆಳು ಸಾಧಿಸುವನಂತೆ. ಗ್ರೆಗರಿಯು ಇದನ್ನು ಹಾಸ್ಯಕ್ಕಾಗಿ ಹೇಳಿದನೆಂಬುದು ನಿಜ. ಆದರೆ ಕೇಳುತ್ತಿದ್ದವರಿಗೆ ಅದರಲ್ಲಿ ತಮ್ಮ ಊರಿನ ಗುರುತು ಸಿಕ್ಕದಿದ್ದರೆ ಹಾಸ್ಯವು ಫಲಿಸುತ್ತಿರಲಿಲ್ಲ. ಮನುಷ್ಯನ ಬುದ್ಧಿಯು ದೇವರನ್ನು ಎಷ್ಟರಮಟ್ಟಿಗೆ ಅರಿಯಬಲ್ಲುದು ಎಂಬ ಪ್ರಶ್ನೆಯು ಕ್ರೈಸ್ತ ಮತದ ಚರಿತ್ರೆಯಲ್ಲಿ ಪಂಡಿತರ ಕೋಣೆಯಲ್ಲಿ ಮಾತ್ರ ಹುಟ್ಟಿ ಬೆಳೆದುದಲ್ಲ. ಅದು ಬೀದಿಯಲ್ಲಿ, ಸಭೆಯಲ್ಲಿ, ಅರಮನೆಯಲ್ಲಿ ಹೋರಾಡಿ ನಿರ್ಣಯವಾದ ಪ್ರಶ್ನೆ. ಆ ಹೋರಾಟದ ಕಥೆಯನ್ನೇ ಇಂದು ನಾವು ಹೇಳಹೊರಟಿರುವುದು.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬಹುದು. ಅಲೆಕ್ಸಾಂಡ್ರಿಯ ಪಟ್ಟಣದ ಏರಿಯಸ್ ಎಂಬ ಪಾದ್ರಿಯು, ಕ್ರಿಸ್ತನು ದೇವರಿಂದ ಸೃಷ್ಟನಾದವನೇ ಹೊರತು ದೇವರಿಗೆ ಸಮಾನನಲ್ಲವೆಂದು ಬೋಧಿಸಿದನು. ಇದನ್ನು ವಿಚಾರಿಸಲು ಚಕ್ರವರ್ತಿಯಾದ ಕಾನ್‌ಸ್ಟಂಟೈನನು 325ರಲ್ಲಿ ನೈಸಿಯದಲ್ಲಿ ಬಿಷಪ್ಪರ ಮಹಾಸಭೆಯನ್ನು ಕರೆದನು. ಪಿತನೂ ಪುತ್ರನೂ ಏಕಸ್ವರೂಪರೆಂದು ಸಭೆಯು ಗೊತ್ತುಮಾಡಿತು. ಗೊತ್ತುಮಾಡಿದ ಮಾತ್ರಕ್ಕೆ ವಾದವು ಮುಗಿಯಲಿಲ್ಲ. ಮುಂದಿನ ಐವತ್ತು ವರ್ಷಗಳಲ್ಲಿ ಪಕ್ಷಗಳು ಒಡೆದು ಉಪಪಕ್ಷಗಳಾದುವು; ಚಕ್ರವರ್ತಿಗಳು ಬದಲಾದಂತೆ ಬಿಷಪ್ಪರ ಪೀಠಗಳೂ ಬದಲಾದುವು. ಈ ಗದ್ದಲದ ನಡುವೆ, ಸುಮಾರು 360ರ ವೇಳೆಗೆ, ಹಿಂದೆ ಯಾರೂ ಅಷ್ಟು ಧೈರ್ಯದಿಂದ ಆಡದಿದ್ದ ಮಾತೊಂದನ್ನು ಆಡುವವನೊಬ್ಬನು ಕಾಣಿಸಿಕೊಂಡನು.

ಆತನ ಹೆಸರು ಯೂನೋಮಿಯಸ್. ಊರು ಕಪ್ಪಡೋಕಿಯ, ಎಂದರೆ ಈಗಿನ ತುರ್ಕಿ ದೇಶದ ನಡುವಣ ಎತ್ತರದ ಸೀಮೆ. ಪ್ರತಿಪಕ್ಷದವರೇ ಬರೆದಿಟ್ಟಿರುವಂತೆ ಆತನ ತಂದೆ ಹೊಲದಲ್ಲಿ ದುಡಿಯುವ ರೈತ. ಬಿಡುವಿನ ಕಾಲದಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದವನು. ಮಗನು ಶೀಘ್ರಲಿಪಿಯನ್ನು ಕಲಿತು, ಅದರಿಂದ ಹೊಟ್ಟೆ ಹೊರೆದುಕೊಂಡು, ಏಟಿಯಸ್ ಎಂಬ ತರ್ಕನಿಪುಣನ ಲಿಪಿಕಾರನೂ ಶಿಷ್ಯನೂ ಆದನು. ಈ ಏಟಿಯಸನೂ ಮೊದಲು ಲೋಹದ ಕೆಲಸ ಮಾಡಿ ಜೀವಿಸಿದವನೇ. ಆತನು ಬರೆದ 37 ಸೂತ್ರಗಳ ಒಂದು ಸಣ್ಣ ಗ್ರಂಥವು ಉಳಿದುಬಂದಿದೆ. ಓದಿದರೆ ಧರ್ಮಗ್ರಂಥಕ್ಕಿಂತ ರೇಖಾಗಣಿತದ ಪುಸ್ತಕವೇ ನೆನಪಿಗೆ ಬರುತ್ತದೆ. ಯೂನೋಮಿಯಸನು 360ರ ಸುಮಾರಿಗೆ ಸಿಜಿಕಸ್ ಪಟ್ಟಣಕ್ಕೆ ಬಿಷಪ್ಪನಾಗಿ, ಅದೇ ಕಾಲದಲ್ಲಿ ತನ್ನ ಮತವನ್ನು ಸಮರ್ಥಿಸುವ ಗ್ರಂಥವನ್ನು ಪ್ರಕಟಿಸಿದನು.

ಆತನ ವಾದವನ್ನು ಅಪಹಾಸ್ಯ ಮಾಡದೆ ಕೇಳಬೇಕು. ದೇವರು ಯಾರಿಂದಲೂ ಹುಟ್ಟಿದವನಲ್ಲವೆಂಬುದನ್ನು ಕ್ರೈಸ್ತರೆಲ್ಲರೂ ಒಪ್ಪುವರು. ಹಾಗಾದರೆ ಆತನು ‘ಅಜಾತ’ನು. ಈ ಶಬ್ದವು ಮನುಷ್ಯರು ಕಲ್ಪಿಸಿಕೊಂಡ ಬರಿಯ ಹೆಸರೆ? ನಾವು ಕಲ್ಪಿಸಿದ ಹೆಸರುಗಳು ಉಚ್ಚಾರಣೆಯೊಡನೆ ಹುಟ್ಟಿ ಸದ್ದಿನೊಡನೆ ಅಡಗುವುವು. ಆದರೆ ದೇವರು ನಾವು ಬಾಯಿ ತೆರೆಯುವ ಮೊದಲೂ ಅಜಾತನೇ, ಮುಚ್ಚಿದ ಮೇಲೂ ಅಜಾತನೇ. ಆದಕಾರಣ ಅಜಾತತ್ವವು ಹೆಸರಲ್ಲ. ಅದೇ ದೇವರ ಸ್ವರೂಪ. ಆ ಶಬ್ದದ ಅರ್ಥವನ್ನು ತಿಳಿದವನು ದೇವರ ಸ್ವರೂಪವನ್ನೇ ತಿಳಿದನು. ಪುತ್ರನಾದರೋ ಹುಟ್ಟಿದವನು, ಆದುದರಿಂದ ಸ್ವರೂಪದಲ್ಲಿ ಪಿತನಿಗೆ ಅಸದೃಶನು. ಒಂದು ಶಬ್ದದಿಂದ ಹೊರಟು ಮತದ ಬುಡವನ್ನೇ ಅಲುಗಾಡಿಸುವ ಸಿದ್ಧಾಂತಕ್ಕೆ ಆತನು ಹೀಗೆ ನಾಲ್ಕೇ ಹೆಜ್ಜೆಗಳಲ್ಲಿ ತಲುಪಿದನು. ದೇವರು ತನ್ನ ವಿಷಯದಲ್ಲಿ ಬಲ್ಲುದಕ್ಕಿಂತ ಕಡಿಮೆಯಾಗಿ ನಾವೇನೂ ಅರಿತವರಲ್ಲವೆಂದು ಆತನು ಹೇಳಿದನೆಂಬ ಮಾತೂ ಉಂಟು. ಅದನ್ನು ದಾಖಲೆ ಮಾಡಿದವನು ಐದನೆಯ ಶತಮಾನದ ಚರಿತ್ರಕಾರನಾದ ಸಾಕ್ರಟೀಸನು. ಆತನು ಎದುರು ಪಕ್ಷದವನಾದ ಕಾರಣ ಆ ವಾಕ್ಯವನ್ನು ಪೂರ್ತಿಯಾಗಿ ನಂಬುವಂತಿಲ್ಲ.

ಯೂನೋಮಿಯಸನಿಗೆ ನ್ಯಾಯವಾಗಿ ಸಲ್ಲಬೇಕಾದ ಒಂದು ಮಾತುಂಟು. ನಮ್ಮ ಶಬ್ದಗಳು ದೇವರನ್ನು ಮುಟ್ಟುವುದೇ ಇಲ್ಲವಾದರೆ, ನಾವು ಪೂಜಿಸುವುದು ನಮ್ಮ ಮನಸ್ಸಿನ ಬೊಂಬೆಯನ್ನೇ ಅಲ್ಲವೆ? ಆತನ ಕಡೆಯವರು ಎದುರಾಳಿಗಳನ್ನು ಕಂಡಲ್ಲೆಲ್ಲ ಇದೇ ಪ್ರಶ್ನೆಯಿಂದ ಕಟ್ಟಿಹಾಕುತ್ತಿದ್ದರು: ನೀವು ಪೂಜಿಸುವುದು ಅರಿತುದನ್ನೋ, ಅರಿಯದುದನ್ನೋ? ಅರಿತುದನ್ನು ಎಂದರೆ, ಅದರ ಸ್ವರೂಪವೇನು ಹೇಳಿ ಎನ್ನುವರು. ಅರಿಯದುದನ್ನು ಎಂದರೆ, ಅರಿಯದುದಕ್ಕೆ ಅಡ್ಡಬೀಳುವ ಮೂಢರು ನೀವು ಎನ್ನುವರು. ಇದು ಲಘುವಾದ ಪ್ರಶ್ನೆಯಲ್ಲ. ಎರಡನೆಯ ಕಡೆಯೂ ಅಪಾಯವಿದ್ದಿತು. ದೇವರ ಸ್ವರೂಪವನ್ನು ನಿಷ್ಕೃಷ್ಟವಾಗಿ ತಿಳಿಯುವುದೇ ಭಕ್ತಿಯ ತಿರುಳಾದರೆ, ತರ್ಕ ಬಲ್ಲವನೇ ನಿಜವಾದ ಭಕ್ತನು. ಉಳುವವನ ಪ್ರಾರ್ಥನೆಗೆ, ನೂಲುವ ಮುದುಕಿಯ ಪ್ರಾರ್ಥನೆಗೆ ಬೆಲೆಯೇನು ಉಳಿಯಿತು? ರೈತನ ಮಗನಾದ ಯೂನೋಮಿಯಸನು ಈ ಫಲವನ್ನು ಕಾಣದೆಹೋದುದು ವಿಚಿತ್ರವೇ ಸರಿ.

ಇದಕ್ಕೆ ಉತ್ತರ ಕೊಡಲು ನಿಂತವರೂ ಕಪ್ಪಡೋಕಿಯದವರೇ. ಸಿಸೇರಿಯದ ಬೇಸಿಲ್, ಆತನ ತಮ್ಮನಾದ ನಿಸ್ಸದ ಗ್ರೆಗರಿ, ಆತನ ಗೆಳೆಯನಾದ ನಾಜಿಯಾನ್ಜದ ಗ್ರೆಗರಿ. ಇವರು ಭೂಮಿಕಾಣಿಯುಳ್ಳ ಮನೆತನದವರು. ಬೇಸಿಲನೂ ಗೆಳೆಯನೂ ಅಥೆನ್ಸಿನಲ್ಲಿ ಜೊತೆಯಾಗಿ ಓದಿದವರು. ಬುದ್ಧಿಗೆ ಮಿತಿಯುಂಟೆಂದು ವಾದಿಸಿದವರು ಬುದ್ಧಿಗೆ ಹೆದರಿದವರಲ್ಲ. ಗ್ರೀಕ್ ವಿದ್ಯೆಯನ್ನೆಲ್ಲ ಅರೆದು ಕುಡಿದವರು. ಇದನ್ನು ನಾವು ಒತ್ತಿ ಹೇಳಬೇಕಾಗಿದೆ. ಏಕೆಂದರೆ ದೇವರು ಅಜ್ಞೇಯನೆಂಬ ಮಾತನ್ನು ವಾದದಲ್ಲಿ ಸೋತವರ ಆಶ್ರಯವೆಂದು ಭಾವಿಸುವವರು ನಮ್ಮ ಕಾಲದಲ್ಲಿ ಹಲವರಿದ್ದಾರೆ.

ಬೇಸಿಲನು ಸುಮಾರು 364ರಲ್ಲಿ ಬರೆದ ಖಂಡನಗ್ರಂಥದಲ್ಲಿ ಒಂದು ಕಾಳನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತಾನೆ. ಕಾಳು ಒಂದೇ. ಬೇಸಾಯದ ಕೊನೆಯಲ್ಲಿ ಕೈಗೆ ಬಂದುದೆಂದು ನೋಡಿದರೆ ಅದು ಫಲ. ಮುಂದಿನ ಬೆಳೆಯ ಮೊದಲೆಂದು ನೋಡಿದರೆ ಅದು ಬೀಜ. ಉಣ್ಣುವವನ ಕಡೆಯಿಂದ ನೋಡಿದರೆ ಅದು ಆಹಾರ. ಮೂರು ಹೆಸರುಗಳೂ ಸುಳ್ಳಲ್ಲ, ಒಂದರ ಅರ್ಥ ಇನ್ನೊಂದಕ್ಕೆ ಇಲ್ಲ; ಆದರೂ ಯಾವುದೊಂದೂ ಕಾಳಿನ ಸ್ವರೂಪವನ್ನು ಬರಿದುಮಾಡಿ ತೋರಿಸುವುದಿಲ್ಲ. ನಮ್ಮ ಬುದ್ಧಿಯು ಒಂದು ವಸ್ತುವಿನ ಸುತ್ತ ತಿರುಗುತ್ತ ಒಂದೊಂದು ನಿಲುವಿನಿಂದ ಒಂದೊಂದು ಹೆಸರನ್ನು ಕೊಡುವುದು. ಹೀಗೆ ಹುಟ್ಟಿದ ಹೆಸರು ಬರಿಯ ಸದ್ದಲ್ಲ, ಸ್ವರೂಪವೂ ಅಲ್ಲ; ಎರಡರ ನಡುವಣ ಒಂದು ಸಂಗತಿ. ಇದು ಬೇಸಿಲನ ಉತ್ತರದ ಜೀವಾಳ.

‘ಅಜಾತ’ ಶಬ್ದವನ್ನೂ ಆತನು ಇದೇ ಒರೆಗಲ್ಲಿಗೆ ಹಚ್ಚುತ್ತಾನೆ. ವಂಶಾವಳಿಯನ್ನು ಹಿಂದಕ್ಕೆ ಓದಿಕೊಂಡು ಹೋಗಿ, ಇವನು ಯಾರಿಂದ, ಅವನು ಯಾರಿಂದ ಎಂದು ಕೇಳುತ್ತ, ಆದಾಮನು ಯಾರಿಂದ ಎಂಬಲ್ಲಿಗೆ ಬಂದರೆ ದೇವರಿಂದ ಎನ್ನುವೆವು. ದೇವರು ಯಾರಿಂದ? ಯಾರಿಂದಲೂ ಅಲ್ಲ. ಆ ‘ಯಾರಿಂದಲೂ ಅಲ್ಲ’ ಎಂಬುದನ್ನೇ ಒಂದು ಮಾತಿಗೆ ಇಳಿಸಿದರೆ ಅಜಾತನೆಂದಾಗುವುದು. ಎಲ್ಲಿಂದ ಬಂದನೆಂಬ ಪ್ರಶ್ನೆಗೆ ಇದು ಉತ್ತರವಾಯಿತೇ ಹೊರತು, ಏನಾಗಿದ್ದಾನೆಂಬ ಪ್ರಶ್ನೆಗೆ ಉತ್ತರವಾಗಲಿಲ್ಲ. ಅಮರ, ಅವಿನಾಶಿ, ಅದೃಶ್ಯ ಎಂಬ ಶಬ್ದಗಳಂತೆ ಇದೂ ದೇವರಲ್ಲಿ ಇಲ್ಲದುದನ್ನು ಹೇಳುವ ಶಬ್ದ. ಮೊದಲಿಗೆ ‘ಅ’ಕಾರವನ್ನಿಟ್ಟ ಮಾತ್ರಕ್ಕೆ ದೇವರು ನಮ್ಮ ಕೈಗೆ ಸಿಕ್ಕಿದನೆ?

ಪೂಜಿಸುವುದು ಅರಿತುದನ್ನೋ ಅರಿಯದುದನ್ನೋ ಎಂಬ ಇಕ್ಕಟ್ಟಿನ ಪ್ರಶ್ನೆಗೆ ಬೇಸಿಲನು ಐಕೋನಿಯಮಿನ ಬಿಷಪ್ಪನಾದ ಆಂಫಿಲೋಕಿಯಸನಿಗೆ ಬರೆದ ಪತ್ರದಲ್ಲಿ ಉತ್ತರವಿದೆ. ಅರಿಯುವುದೆಂಬ ಮಾತಿಗೆ ಒಂದೇ ಅರ್ಥವಲ್ಲ. ದೇವರ ಮಹಿಮೆಯನ್ನು, ಶಕ್ತಿಯನ್ನು, ಜ್ಞಾನವನ್ನು, ನಮ್ಮ ಮೇಲಣ ಕರುಣೆಯನ್ನು, ನ್ಯಾಯವನ್ನು ನಾವು ಅರಿತಿದ್ದೇವೆ. ಆತನ ಸ್ವರೂಪವನ್ನು ಅರಿತಿಲ್ಲ. ಆತನ ಕ್ರಿಯೆಗಳು ನಮ್ಮಲ್ಲಿಗೆ ಇಳಿದುಬರುತ್ತವೆ, ಸ್ವರೂಪವು ಎಟುಕದೆ ಉಳಿಯುತ್ತದೆ. ಸ್ವರೂಪವು ಅರಿವಿಗೆ ಮೀರಿದುದೆಂದು ತಿಳಿಯುವುದೇ ಅದರ ವಿಷಯದಲ್ಲಿ ನಮಗಿರುವ ತಿಳಿವಳಿಕೆ. ಸಾವಿರ ವರ್ಷಗಳ ಮೇಲೆ, 1341ರಲ್ಲಿಯೂ 1351ರಲ್ಲಿಯೂ, ಕಾನ್‌ಸ್ಟಾಂಟಿನೋಪಲಿನಲ್ಲಿ ಸೇರಿದ ಸಭೆಗಳು ಗ್ರೆಗರಿ ಪಾಲಮಾಸನ ಪಕ್ಷವನ್ನು ಎತ್ತಿಹಿಡಿದಾಗ, ಪೌರಸ್ತ್ಯ ಕ್ರೈಸ್ತರು ಈ ಭೇದವನ್ನೇ ತಮ್ಮ ಸಿದ್ಧಾಂತವನ್ನಾಗಿ ಮಾಡಿಕೊಂಡರು.

ಬೇಸಿಲನು 379ರಲ್ಲಿ ತೀರಿಕೊಂಡನು. ಯೂನೋಮಿಯಸನು ಮತ್ತೆ ಬರೆದನು. ಅಣ್ಣನ ಪರವಾಗಿ ತಮ್ಮನು ಉತ್ತರ ಬರೆದನು. ವಸ್ತುಗಳ ಹೆಸರುಗಳನ್ನು ದೇವರೇ ಇಟ್ಟನೆಂದು ಯೂನೋಮಿಯಸನು ಹೇಳಿದ್ದಕ್ಕೆ ನಿಸ್ಸದ ಗ್ರೆಗರಿಯು ನಗುತ್ತ, ದೇವರೇನು ಮಕ್ಕಳನ್ನು ಕೂರಿಸಿಕೊಂಡು ಪದಗಳನ್ನು ಹೇಳಿಕೊಡುವ ಉಪಾಧ್ಯಾಯನೆ ಎಂದು ಕೇಳಿದನು. ದೇವರು ಮನುಷ್ಯನಿಗೆ ಮಾತಾಡುವ ಶಕ್ತಿಯನ್ನು ಕೊಟ್ಟನು. ಮಾತುಗಳನ್ನು ಮಾಡಿಕೊಂಡವನು ಮನುಷ್ಯನು. ಆದುದರಿಂದಲೇ ಒಂದೇ ಆಕಾಶಕ್ಕೆ ಜನಾಂಗಕ್ಕೊಂದು ಹೆಸರು. ಭಾಷಾಶಾಸ್ತ್ರವನ್ನು ಓದಿದವರು ಈ ಪುಟಗಳನ್ನು ಇಂದಿಗೂ ಆಸಕ್ತಿಯಿಂದ ನೋಡಬಹುದು. ಆದರೆ ಯೂನೋಮಿಯಸನ ಬಡ ಹುಟ್ಟನ್ನೂ ಶೈಲಿಯನ್ನೂ ಹಿಡಿದು ಗ್ರೆಗರಿಯು ಮಾಡುವ ಹೀಯಾಳಿಕೆಯಿಂದ ವಾದಕ್ಕೆ ಯಾವ ಬಲವೂ ಬರಲಿಲ್ಲ. ಅದೇ ಲೇಖನಿಯಿಂದ ಬಂದ ಮೋಶೆಯ ಚರಿತ್ರೆಯಾದರೋ ಬೇರೆಯ ತೂಕದ ಗ್ರಂಥ. ಮೋಶೆಯು ಮೊದಲು ದೇವರನ್ನು ಉರಿಯುವ ಪೊದೆಯ ಬೆಳಕಿನಲ್ಲಿ ಕಂಡನು, ಆಮೇಲೆ ಮೋಡದಲ್ಲಿ ಕಂಡನು, ಕೊನೆಗೆ ಬೆಟ್ಟದ ಮೇಲೆ ಕತ್ತಲೆಯೊಳಗೆ ಹೊಕ್ಕನು. ಸಾಮಾನ್ಯವಾಗಿ ಸಾಧಕರು ಕತ್ತಲೆಯಿಂದ ಬೆಳಕಿಗೆ ಹೋಗುವುದನ್ನು ಕೇಳಿದ್ದೇವೆ. ಇಲ್ಲಿ ದಾರಿಯು ತಿರುಗಾಮುರುಗಾ. ದೇವರ ವಿಷಯದಲ್ಲಿ ಬುದ್ಧಿಯು ಕಟ್ಟಿಕೊಳ್ಳುವ ಪ್ರತಿಯೊಂದು ಭಾವನೆಯೂ ಅಲ್ಲಿಯೇ ನಿಂತುಬಿಟ್ಟರೆ ವಿಗ್ರಹವಾಗುವುದೆಂದು ಗ್ರೆಗರಿಯು ಎಚ್ಚರಿಸುತ್ತಾನೆ. ಕಾಣಬೇಕೆಂಬ ಬಯಕೆಗೆ ಕೊನೆಯಿಲ್ಲದಿರುವುದೇ ಆತನ ಮತದಲ್ಲಿ ಕಾಣುವಿಕೆ.

ಗೆಳೆಯನಾದ ಗ್ರೆಗರಿಯ ಪಾಡು ಇನ್ನೂ ಕಷ್ಟದ್ದು. ಆತನು 379ರಲ್ಲಿ ಕಾನ್‌ಸ್ಟಾಂಟಿನೋಪಲಿಗೆ ಬಂದಾಗ ಊರಿನ ದೊಡ್ಡ ಗುಡಿಗಳೆಲ್ಲ ಏರಿಯಸನ ಪಕ್ಷದವರ ಕೈಯಲ್ಲಿದ್ದುವು. ಬಂಧುವೊಬ್ಬರ ಮನೆಯಲ್ಲಿ ಸಣ್ಣ ಪ್ರಾರ್ಥನಾಮಂದಿರವನ್ನು ಮಾಡಿಕೊಂಡು, ಅದಕ್ಕೆ ಪುನರುತ್ಥಾನವೆಂಬ ಅರ್ಥದ ಅನಸ್ತಾಸಿಯ ಎಂದು ಹೆಸರಿಟ್ಟನು. ಆ ವರ್ಷದ ಈಸ್ಟರ್ ಹಬ್ಬದ ರಾತ್ರಿ ಜನರ ಗುಂಪು ನುಗ್ಗಿ ಕಲ್ಲು ಬೀರಿತು. ಮರುವರ್ಷ ಅಲ್ಲಿಯೇ ಆತನು ಮಾಡಿದ ಐದು ಉಪನ್ಯಾಸಗಳು ಕ್ರೈಸ್ತ ಸಾಹಿತ್ಯದಲ್ಲಿ ಪ್ರಸಿದ್ಧವಾದುವು. ದೇವರ ವಿಷಯವನ್ನು ಯಾರು ಬೇಕಾದರೂ, ಎಲ್ಲಿ ಬೇಕಾದರೂ, ಎಷ್ಟು ಬೇಕಾದರೂ ಹರಟುವ ಚಾಳಿಯನ್ನು ಮೊದಲನೆಯದರಲ್ಲಿ ಬೈಯುತ್ತಾನೆ. ಎರಡನೆಯದರಲ್ಲಿ ಜೇನ್ನೊಣದ ಗೂಡಿನ ಕಡೆಗೂ ಜೇಡನ ಬಲೆಯ ಕಡೆಗೂ ಕೈತೋರಿಸಿ, ಈ ಸಣ್ಣ ಪ್ರಾಣಿಗಳ ಕೌಶಲವೇ ನಮ್ಮ ತಿಳಿವಿಗೆ ಸಿಕ್ಕದಿರುವಾಗ ಅವನ್ನು ಮಾಡಿದವನನ್ನು ಅಳೆಯುತ್ತೇವೆಂಬುದು ಯಾವ ಮಾತು ಎಂದು ಕೇಳುತ್ತಾನೆ. ಜೇನ್ನೊಣದ ವಿಚಾರವಾಗಿ ಈಚಿನ ವಿಜ್ಞಾನವು ಬಹಳಷ್ಟನ್ನು ತಿಳಿದಿದೆ. ಆದಕಾರಣ ಈ ವಾದವು ಅಂದಿದ್ದಷ್ಟು ಗಟ್ಟಿಯಾಗಿ ಈಗ ನಿಲ್ಲದು. ಬೇಸಿಲನ ಕಾಳಿನ ವಾದವು ನಿಲ್ಲುವುದು. ತಿಳಿಯದುದನ್ನು ತೋರಿಸಿ ದೇವರನ್ನು ಕಾಯುವುದಕ್ಕೂ, ತಿಳಿದುಕೊಳ್ಳುವ ರೀತಿಯೇ ಎಂಥದೆಂದು ಪರೀಕ್ಷಿಸುವುದಕ್ಕೂ ಇರುವ ಅಂತರ ಇದು.

ಚಕ್ರವರ್ತಿಯಾದ ಥಿಯೊಡೋಸಿಯಸನು 380ನೆಯ ನವೆಂಬರ್ 24ರಂದು ರಾಜಧಾನಿಯನ್ನು ಪ್ರವೇಶಿಸಿ, ಏರಿಯನ್ ಪಕ್ಷದ ಬಿಷಪ್ಪನನ್ನು ಹೊರಡಿಸಿ, ಗ್ರೆಗರಿಯನ್ನು ಸೈನಿಕರ ಕಾವಲಿನಲ್ಲಿ ದೊಡ್ಡ ದೇವಾಲಯಕ್ಕೆ ಕರೆದೊಯ್ದನು. ಅಂದು ಊರು ಶತ್ರುಗಳ ವಶವಾದ ಪಟ್ಟಣದಂತಿತ್ತೆಂದು ಗ್ರೆಗರಿಯೇ ಆತ್ಮಚರಿತ್ರೆಯ ಪದ್ಯಗಳಲ್ಲಿ ಬರೆದಿದ್ದಾನೆ. ಮರುವರ್ಷದ ಮಹಾಸಭೆಯು ನೈಸಿಯದ ನಿರ್ಣಯವನ್ನು ಸ್ಥಿರಪಡಿಸಿತು. ಸಭೆಯಲ್ಲಿನ ಜಗಳಗಳಿಂದ ಬೇಸತ್ತು ಗ್ರೆಗರಿಯು ಪೀಠವನ್ನು ಬಿಟ್ಟು ಊರಿಗೆ ಹೊರಟುಹೋದನು.

ವಾದದ ಕೊನೆಯ ದೊಡ್ಡ ಅಧ್ಯಾಯವು ನಡೆದುದು ಅಂತಿಯೋಕ್ಯ ಪಟ್ಟಣದಲ್ಲಿ. ಅಲ್ಲಿ 386ರಲ್ಲಿ ಹೊಸದಾಗಿ ಪಾದ್ರಿಯಾದ ಯೋಹಾನನು, ಮುಂದೆ ‘ಕ್ರಿಸಾಸ್ಟಂ’ ಅಂದರೆ ಹೊನ್ನಿನ ಬಾಯಿಯವನೆಂದು ಹೆಸರಾದವನು, ದೇವರ ಸ್ವರೂಪವು ಅಗ್ರಾಹ್ಯವೆಂಬ ವಿಷಯದ ಮೇಲೆ ಉಪದೇಶಮಾಲೆಯನ್ನು ಆರಂಭಿಸಿದನು. ಯೂನೋಮಿಯಸನ ಪಕ್ಷದವರೂ ಬಂದು ಸಂತೋಷದಿಂದ ಕೇಳುತ್ತಿದ್ದರೆಂದೂ, ಅವರನ್ನು ಬೆದರಿಸಬಾರದೆಂದು ತಾನು ಸುಮ್ಮನಿದ್ದನೆಂದೂ, ಕೊನೆಗೆ ಅವರೇ ವಾದಕ್ಕೆ ಕರೆದರೆಂದೂ ಹೇಳುತ್ತಾನೆ. ಜನರು ಮೈಮರೆತು ಕೇಳುವಾಗ ಗುಂಪಿನಲ್ಲಿ ಜೇಬುಗಳ್ಳರು ಸೇರಿಕೊಂಡು ಹಣ ಹಾರಿಸುತ್ತಿದ್ದರಂತೆ. ದೇವಾಲಯಕ್ಕೆ ನಾಣ್ಯ ಕಟ್ಟಿಕೊಂಡು ಬರಬೇಡಿರೆಂದು ಉಪದೇಶದ ನಡುವೆಯೇ ಬುದ್ಧಿ ಹೇಳುತ್ತಾನೆ. ದೇವದೂತರೇ ರೆಕ್ಕೆಗಳಿಂದ ಮುಖ ಮುಚ್ಚಿಕೊಳ್ಳುವರೆಂದು ಪ್ರವಾದಿಯು ಕಂಡಿರುವಾಗ, ಮಣ್ಣಿನ ಮನುಷ್ಯನು ಕಣ್ಣು ಬಿಟ್ಟು ನೋಡುವೆನೆನ್ನುವುದೆಂತು ಎಂಬುದು ಆತನ ಮುಖ್ಯ ಯುಕ್ತಿ. ತರ್ಕದ ದೃಷ್ಟಿಯಿಂದ ಇದು ಬೇಸಿಲನ ವಾದದ ಮಟ್ಟಕ್ಕೆ ಏರುವುದಿಲ್ಲ. ಕೇಳುಗರ ಮನಸ್ಸನ್ನು ಹಿಡಿಯುವುದರಲ್ಲಿ ಅದಕ್ಕಿಂತ ಮುಂದು. ಪ್ರತಿಪಕ್ಷದವರನ್ನು ಹಗೆಗಳಂತೆ ನೋಡದೆ ರೋಗಿಗಳನ್ನು ವೈದ್ಯನು ನೋಡುವಂತೆ ಮೃದುವಾಗಿ ಮಾತಾಡಿಸಿರೆಂದು ಬೋಧಿಸುತ್ತಾನೆ. ಆದರೆ ಇದೇ ಯೋಹಾನನು ಇದೇ ಕಾಲದಲ್ಲಿ, ಈ ಮಾಲೆಯನ್ನು ನಡುವೆ ನಿಲ್ಲಿಸಿ, ಊರಿನ ಯೆಹೂದ್ಯರ ಮೇಲೆ ಮಾಡಿದ ಉಪದೇಶಗಳು ಅತಿ ಕಟುವಾದುವು. ಅವುಗಳ ವಿಷವು ಹಲವು ಶತಮಾನಗಳವರೆಗೆ ಕೆಲಸ ಮಾಡಿತು. ದೇವರ ವಿಷಯದಲ್ಲಿ ತನಗೇನೂ ತಿಳಿಯದೆಂದವನು ನೆರೆಯವನ ವಿಷಯದಲ್ಲಿ ಎಲ್ಲವನ್ನೂ ಬಲ್ಲವನಂತೆ ಮಾತಾಡಿದನು. ಕ್ರೈಸ್ತ ಪಂಡಿತರೇ ಈಗ ಇದನ್ನು ವ್ಯಥೆಯಿಂದ ಒಪ್ಪುವರು.

ರಾಜ್ಯಾಧಿಕಾರವೂ ಕೈಕಟ್ಟಿ ಕೂರಲಿಲ್ಲ. ಯೂನೋಮಿಯಸನು ಗಡೀಪಾರಾದನು. ಆತನ ಪಂಗಡದ ಪುಸ್ತಕಗಳನ್ನು ಹುಡುಕಿ ಸುಡಬೇಕೆಂದು 398ರಲ್ಲಿ ಶಾಸನವಾಯಿತು. ಅರಿಯೆವೆಂಬ ವಿನಯವು ಗೆದ್ದ ಮೇಲೆ, ಬಲ್ಲೆವೆಂದವರ ಗ್ರಂಥಗಳಿಗೆ ಬೆಂಕಿ ಬಿದ್ದಿತು. ಆದರೂ ಯೂನೋಮಿಯಸನ ಮೊದಲ ಗ್ರಂಥವು ಪೂರ್ತಿಯಾಗಿ ನಮ್ಮ ಕೈಸೇರಿದೆ. ಬೇಸಿಲನ ಖಂಡನೆಯನ್ನು ನಕಲು ಮಾಡಿದ ಲಿಪಿಕಾರರು, ಖಂಡನೆ ಅರ್ಥವಾಗಬೇಕಾದರೆ ಮೂಲವೂ ಬೇಕೆಂದೋ ಏನೋ, ಅದನ್ನೂ ಪಕ್ಕದಲ್ಲಿಯೇ ಬರೆದಿಟ್ಟರು.

ನಮ್ಮ ಶ್ರೋತೃಗಳಿಗೆ ಇಷ್ಟರಲ್ಲಿಯೇ ಉಪನಿಷತ್ತಿನ ನಿಷೇಧಮಾರ್ಗವು ನೆನಪಿಗೆ ಬಂದಿರಬಹುದು. ಹೋಲಿಕೆಯು ನಿಜವಾದುದೇ, ಆದರೆ ಅವಸರದಲ್ಲಿ ಎರಡನ್ನೂ ಒಂದೆನ್ನಬಾರದು. ಉಪನಿಷತ್ತು ಒಂದೊಂದನ್ನೂ ಅಲ್ಲಗಳೆಯುತ್ತ ಹೋಗುವುದು, ಅದ್ವೈತಿಗಳು ಅರ್ಥಮಾಡುವಂತೆ, ಅರಿಯುವವನೂ ಅರಿಯಲ್ಪಡುವುದೂ ಬೇರೆಯಲ್ಲವೆಂಬ ನೆಲೆಗೆ. ಕಪ್ಪಡೋಕಿಯದವರ ನಿಷೇಧವು ನಿಂತಿರುವುದು ಸೃಷ್ಟಿಸಿದವನಿಗೂ ಸೃಷ್ಟಿಗೂ ನಡುವೆ ಎಂದೂ ಮುಚ್ಚದ ಅಂತರವುಂಟೆಂಬ ನಂಬಿಕೆಯ ಮೇಲೆ. ಆ ಅಂತರವನ್ನು ದಾಟಿ ಬಂದವನು ದೇವರೇ, ಕ್ರಿಸ್ತನಲ್ಲಿ, ಎಂಬುದು ಅವರ ಶ್ರದ್ಧೆ. ಬಂದವನನ್ನು ಕಂಡ ಮೇಲೂ ಕಾಣದುದು ಉಳಿಯಿತೆಂದು ಹೇಳುವುದರಲ್ಲಿಯೇ ಅವರ ಮತದ ಬಿಗಿಯಿರುವುದು.

ಮುಂದಿನ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ಲ್ಯಾಟಿನ್ ಸೀಮೆಯಲ್ಲಿ ಆಗಸ್ಟೀನನು ಇದೇ ಭಾವವನ್ನು ಉಪದೇಶಗಳಲ್ಲಿ ತಂದನು. ಕಡಲ ತೀರದಲ್ಲಿ ಸಮುದ್ರವನ್ನು ಗುಳಿಯೊಳಕ್ಕೆ ತುಂಬುತ್ತಿದ್ದ ಮಗುವನ್ನು ಆತನು ಕಂಡನೆಂಬ ಕಥೆಯು ಬಹು ಜನಪ್ರಿಯ; ಆದರೆ ಅದು ಮಧ್ಯಯುಗದಲ್ಲಿ ಹುಟ್ಟಿದ ಐತಿಹ್ಯ, ಆತನ ಗ್ರಂಥಗಳಲ್ಲಿಲ್ಲ. ಸುಮಾರು 500ರಲ್ಲಿ ಯಾರೋ ಒಬ್ಬನು ಸಂತ ಪೌಲನ ಶಿಷ್ಯನಾದ ಡಯೊನೀಸಿಯಸನ ಹೆಸರಿನಲ್ಲಿ ಬರೆದ ಗ್ರಂಥಗಳು ಈ ನಿಷೇಧವನ್ನು ಕೊನೆಯ ಮೆಟ್ಟಿಲಿಗೆ ಒಯ್ದುವು. ಅಲ್ಲಿ ಅಲ್ಲವೆಂಬ ಮಾತನ್ನೂ ಅಲ್ಲಗಳೆಯಲಾಗಿದೆ. ಬರೆದವನು ಪೌಲನ ಶಿಷ್ಯನೆಂದು ನಂಬಿ ಯುರೋಪು ಸಾವಿರ ವರ್ಷ ಆ ಪುಸ್ತಕಗಳಿಗೆ ತಲೆಬಾಗಿತು. ರೋಮಿನಲ್ಲಿ 1215ರಲ್ಲಿ ಸೇರಿದ ನಾಲ್ಕನೆಯ ಲ್ಯಾಟರನ್ ಮಹಾಸಭೆಯು, ಸೃಷ್ಟಿಕರ್ತನಿಗೂ ಸೃಷ್ಟಿಗೂ ಎಷ್ಟು ಸಾದೃಶ್ಯವನ್ನು ಹೇಳಿದರೂ ಅದಕ್ಕಿಂತ ಹೆಚ್ಚಿನ ಅಸಾದೃಶ್ಯವನ್ನು ಹೇಳಲೇಬೇಕೆಂದು ವಿಧಿಸಿತು.

ಆ ಗ್ರಂಥಗಳನ್ನು ಆಳವಾಗಿ ಓದಿದವರಲ್ಲಿ ಥಾಮಸ್ ಅಕ್ವೈನಸನೊಬ್ಬನು. ಆತನ ‘ಸುಮ್ಮ’ ಎಂಬ ಮಹಾಗ್ರಂಥದಲ್ಲಿ ದೇವರಿದ್ದಾನೆಂದು ಸಾಧಿಸಿದ ಕೂಡಲೆ, ದೇವರು ಏನೆಂಬುದನ್ನು ನಾವು ತಿಳಿಯಲಾರೆವು, ಏನಲ್ಲವೆಂಬುದನ್ನಷ್ಟೇ ವಿಚಾರಿಸಬಹುದು ಎಂಬ ಒಕ್ಕಣೆ ಇದೆ. ಹಾಗೆಂದು ಬರೆದು ಆಮೇಲೆ ಸಾವಿರಾರು ಪುಟಗಳನ್ನು ಬರೆದನು. ನೇಪಲ್ಸಿನಲ್ಲಿ 1273ನೆಯ ಡಿಸೆಂಬರ್ 6ರಂದು, ಸಂತ ನಿಕೋಲಸನ ಹಬ್ಬದ ದಿನ, ಬೆಳಗಿನ ಪೂಜೆಯಲ್ಲಿ ಆತನಿಗೆ ಏನೋ ಆಯಿತು. ಅಂದಿನಿಂದ ಆತನು ಬರೆಯಲಿಲ್ಲ, ಬರೆಯಿಸಲಿಲ್ಲ. ಜೊತೆಗಾರನಾದ ರೆಜಿನಾಲ್ಡನು ಬಗೆಬಗೆಯಾಗಿ ಬೇಡಿಕೊಂಡಾಗ, ತಾನು ಕಂಡುದರ ಮುಂದೆ ತಾನು ಬರೆದುದೆಲ್ಲ ಹುಲ್ಲುಕಡ್ಡಿಯಾಗಿ ತೋರುತ್ತದೆಂದು ಉತ್ತರ ಕೊಟ್ಟನೆಂದು, 1319ರಲ್ಲಿ ಆತನನ್ನು ಸಂತನೆಂದು ಘೋಷಿಸುವ ವಿಚಾರಣೆಯಲ್ಲಿ ಸಾಕ್ಷ್ಯ ಬಂದಿದೆ. ಮೂರು ತಿಂಗಳ ಮೇಲೆ, 1274ನೆಯ ಮಾರ್ಚ್ 7ರಂದು, ಪ್ರಯಾಣದ ನಡುವೆ ಫೊಸ್ಸನೋವ ಮಠದಲ್ಲಿ ತೀರಿಕೊಂಡನು. ಪಶ್ಚಾತ್ತಾಪಸಂಸ್ಕಾರದ ಪ್ರಕರಣದಲ್ಲಿ ಗ್ರಂಥವು ಅರ್ಧಕ್ಕೆ ನಿಂತಿದ್ದಿತು. ಶಿಷ್ಯರಿಗೆ ಅದನ್ನು ಹಾಗೆಯೇ ಬಿಡಲು ಮನಸ್ಸಾಗಲಿಲ್ಲ; ಗುರುವು ಇಪ್ಪತ್ತು ವರ್ಷಗಳ ಹಿಂದೆ ಬರೆದಿದ್ದ ವ್ಯಾಖ್ಯಾನವೊಂದರಿಂದ ಭಾಗಗಳನ್ನು ತೆಗೆದು ಜೋಡಿಸಿ ಅದನ್ನು ಪೂರ್ತಿಮಾಡಿದರು.